ಅಜ್ಜಿಯ ನಡಿಗೆಯ ಲೆಕ್ಕ

ಹುಬ್ಬಳ್ಳಿ-ಧಾರವಾಡ ನಡುವಿನ 22 ಕಿ.ಮೀ. ಬಿಆರ್‌ಟಿಎಸ್ ಮಾರ್ಗದಲ್ಲಿ 'ಚಿಗರಿ' ಬಸ್ಸುಗಳ ಓಡಾಟ ಆರಂಭವಾದದ್ದು 2018ರಲ್ಲಿ. ಬಸ್ಸಿಗೇ ಪ್ರತ್ಯೇಕ ಪಥ ಕೊಟ್ಟದ್ದನ್ನು ನಾವು ಮೆಚ್ಚುತ್ತೇವೆ. ಕಾರಿಲ್ಲದವರ ಸಮಯಕ್ಕೂ ಬೆಲೆಯಿದೆ ಎಂದು ಅದು ಒಪ್ಪಿಕೊಂಡಿತು.

ಆದರೆ ನಿಲ್ದಾಣಗಳಿರುವುದು ರಸ್ತೆಯ ನಟ್ಟನಡುವೆ. ಆಸ್ಪತ್ರೆಗೋ ಕಚೇರಿಗೋ ನವಲಗುಂದ, ಕಲಘಟಗಿಯಿಂದ ಬಂದ ಅಜ್ಜಿ ಗಂಟು ಹೊತ್ತು, ನುಗ್ಗಿ ಬರುವ ವಾಹನಗಳನ್ನು ದಾಟಿಯೇ ಚಿಗರಿ ಹತ್ತಬೇಕು. ಮೇಲ್ಸೇತುವೆಯ ಮೆಟ್ಟಿಲು ಆಕೆಯ ಮೊಣಕಾಲಿಗೆ ಪರಿಹಾರವೇ?

ರಸ್ತೆ ವಾಹನಗಳಿಗಲ್ಲ, ಜನರಿಗೆ ಎಂಬುದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ಆಶಯ. ಹಾಗಿದ್ದರೆ ನಿಧಾನ ನಡೆಯುವವರಿಗೂ ಸಾಲುವ ಸಿಗ್ನಲ್, ಬೈಕುಗಳು ನುಂಗದ ಫುಟ್‌ಪಾತ್, ಸೈಕಲ್ಲಿಗೊಂದು ಸುರಕ್ಷಿತ ದಾರಿ ಯಾರ ಕೃಪೆಯೂ ಅಲ್ಲ, ಯೋಜನೆಯ ಅರ್ಧಭಾಗ. ಬಸ್ಸಿನ ವೇಗ ಅಳೆದವರು ಅಜ್ಜಿಯ ನಡಿಗೆಯನ್ನೂ ಅಳೆಯಲಿ.