ಪಾಲ್ಮರ್ ಪುಸ್ತಕದಲ್ಲಿ ಮೂರನೇ ಗ್ಲಾಸಿಲ್ಲ

ಮನೆಯಲ್ಲಿ ಬಿಯರ್ ಮಾಡುವ ಅಮೆರಿಕದವರಿಗೆ ಜಾನ್ ಪಾಲ್ಮರ್ ಬರೆದ 'ಹೌ ಟು ಬ್ರೂ' ಪಠ್ಯಪುಸ್ತಕ ಇದ್ದ ಹಾಗೆ. 2000ದಲ್ಲಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಂತು, ಆಮೇಲೆ ಅಚ್ಚಾಯ್ತು, 2017ರಲ್ಲಿ ನಾಲ್ಕನೇ ಆವೃತ್ತಿಯೂ ಬಂತು. ಪೋರ್ಟ್‌ಲ್ಯಾಂಡಿನಲ್ಲಿ ಕೆಲಸಕ್ಕಿದ್ದಾಗ ನಾನು ನೆಚ್ಚಿಕೊಂಡಿದ್ದು ಆ ಮೊದಲ ಆವೃತ್ತಿಯನ್ನೇ. (ಇಲ್ಲಿ ಲೈಸೆನ್ಸ್ ಇಲ್ಲದೆ ಮಾಡೋಕೆ ಅಬಕಾರಿ ಕಾನೂನು ಬಿಡಲ್ಲ, ಆಸೆ ಪಡಬೇಡಿ.)

ಪಾಲ್ಮರ್ ಲೋಹಶಾಸ್ತ್ರದ ಎಂಜಿನಿಯರ್. ಅದು ಪ್ರತಿ ಪುಟದಲ್ಲೂ ಗೊತ್ತಾಗುತ್ತೆ. ಬಾಟಲಿಗೆ ತುಂಬುವ ಮುಂಚೆ 19 ಲೀಟರಿಗೆ ಸುಮಾರು 110 ಗ್ರಾಂ ಕಾರ್ನ್ ಶುಗರ್ ಹಾಕಬೇಕು, ಎರಡು ವಾರ ಬೆಚ್ಚಗಿಡಬೇಕು. ಉಳಿದ ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಬಿಡುತ್ತೆ, ಮುಚ್ಚಳ ಬಿಗಿಯಾಗಿರೋದರಿಂದ ಗ್ಯಾಸು ಬಿಯರಿನಲ್ಲೇ ಕರಗುತ್ತೆ, ಯೀಸ್ಟ್ ತಳಕ್ಕೆ ಕೂರುತ್ತೆ. ಇದನ್ನೆಲ್ಲ ಇಷ್ಟು ಚೆನ್ನಾಗಿ ವಿವರಿಸಿದವರು ಕಡಿಮೆ. ಆದರೆ ಸುರಿಯುವ ವಿಷಯ ಬಂದಾಗ ಕೆಲವೇ ಸಾಲು. ಸಾರಾಂಶ ಇಷ್ಟೇ: ನಿಧಾನವಾಗಿ ಸುರಿಯಿರಿ, ತಳದಲ್ಲಿ ಸ್ವಲ್ಪ ಬಿಡಿ.

ತಪ್ಪೇನಿಲ್ಲ. ಆದರೆ ಒಂದು ತಿಂಗಳ ಕೆಲಸ ಹಾಳಾಗೋದು ಇಲ್ಲೇ, ನಾಲ್ಕು ಸೆಕೆಂಡಿನಲ್ಲಿ. ನನ್ನ ಮೊದಲ ಪೇಲ್ ಏಲ್ ಕುಡಿಯೋಕೆ ಮೂವರು ಗೆಳೆಯರನ್ನು ಕರೆದಿದ್ದೆ. 650 ಎಂಎಲ್ ಬಾಟಲಿ. ಮೊದಲ ಗ್ಲಾಸು ಜೇನಿನ ಬಣ್ಣ, ಎಲ್ಲರೂ ಆಹಾ ಅಂದ್ರು. ಎರಡನೆಯದು ಸ್ವಲ್ಪ ಮಂಕು. ಮೂರನೆಯದು ಕೆರೆ ನೀರು. ಅದು ಸಿಕ್ಕವನು ಮರ್ಯಾದೆಗೆ ಅರ್ಧ ಕುಡಿದು, "ಹಿಟ್ಟಿನ ವಾಸನೆ ಕಣೋ" ಅಂದ. ನಾಲ್ಕನೆಯದು ನನಗೇ ಇರಲಿ ಅಂತ ಇಟ್ಟುಕೊಂಡೆ.

ನಿಧಾನವಾಗೇ ಸುರಿದಿದ್ದೆ. ಎಡವಟ್ಟಾಗಿದ್ದು ಗ್ಲಾಸಿನಿಂದ ಗ್ಲಾಸಿಗೆ ಹೋಗುವಾಗ ಬಾಟಲಿಯನ್ನು ನೆಟ್ಟಗೆ ಮಾಡಿದ್ದು. ಓರೆ ಇದ್ದ ಬಿಯರು ಒಮ್ಮೆಲೇ ಹಿಂದಕ್ಕೆ ಬಂದು ತಳಕ್ಕೆ ಬಡಿಯುತ್ತೆ, ಗಷ್ಟು ಏಳುತ್ತೆ. ಪಾಲ್ಮರ್ ಸಲಹೆಯ ಹಿಂದಿರೋದು ಒಂದು ಬಾಟಲಿ, ಒಂದು ದೊಡ್ಡ ಗ್ಲಾಸು, ಒಬ್ಬ ಮನುಷ್ಯ. ಒಂದು ಬಾಟಲಿಯನ್ನು ನಾಲ್ಕು ಜನ ಹಂಚಿಕೊಳ್ಳುವ ಮನೆ ಅವರ ಲೆಕ್ಕದಲ್ಲೇ ಇಲ್ಲ. ನಾವು ಬರೆಯೋ ಕೋಡಿನಲ್ಲೂ ಹಿಂಗೇ ಅಲ್ವಾ, ಒಬ್ಬನೇ ಯೂಸರ್ ಇರೋವರೆಗೂ ಎಲ್ಲ ಸರಿ.

ಇನ್ನೊಂದು ತಕರಾರು. ಇದನ್ನು ಕೈಚಳಕದ ಮಾತು ಅನ್ನೋ ಹಾಗೆ ಹೇಳೋದು. ಅರ್ಧ ಕೆಲಸ ಫ್ರಿಜ್ಜಿನಲ್ಲೇ ಆಗಿರಬೇಕು. ಬಾಟಲಿ ನಿಂತಿರಬೇಕು, ಮಲಗಿಸಿದರೆ ಗಷ್ಟು ಪಕ್ಕೆಗೆ ಹತ್ತುತ್ತೆ, ಎತ್ತಿದ ತಕ್ಷಣ ಕದಡುತ್ತೆ. ಎರಡು ಮೂರು ದಿನ ತಣ್ಣಗಿದ್ದರೆ ಯೀಸ್ಟ್ ಗಟ್ಟಿಯಾಗಿ ಕೂರುತ್ತೆ. ಬೆಚ್ಚಗಿನ ಬಾಟಲಿ ತೆಗೆದರೆ ಗ್ಯಾಸು ನುಗ್ಗಿ ಬರುತ್ತೆ, ಗುಳ್ಳೆಗಳೇ ತಳವನ್ನು ಕೆದಕುತ್ತವೆ, ನಿಮ್ಮ ಕೈ ಎಷ್ಟು ನಿಧಾನವಾದರೇನು? ಇನ್ನು ಸುರಿಯುವಾಗ ಗುಳುಗುಳು ಸದ್ದು ಬರಬಾರದು. ಬಂದರೆ ಗಾಳಿ ಬಿಟ್ಟುಬಿಟ್ಟು ಒಳಗೆ ಹೋಗ್ತಿದೆ ಅಂತ ಅರ್ಥ, ಒಂದೊಂದು ಗುಟುಕಿಗೂ ಬಿಯರು ಅಲ್ಲಾಡುತ್ತೆ. ಕತ್ತಿನಲ್ಲಿ ಬಿಯರಿನ ಮೇಲೆ ಗಾಳಿಗೆ ದಾರಿ ಇರುವಷ್ಟೇ ಓರೆ ಸಾಕು.

ಹಾಗಂತ ಗಷ್ಟು ಕೊಳೆಯೇನಲ್ಲ. ಜರ್ಮನಿಯ ಗೋಧಿ ಬಿಯರಿನಲ್ಲಿ ಕೊನೆಯ ಗುಟುಕನ್ನು ಬಾಟಲಿ ತಿರುಗಿಸಿ, ಯೀಸ್ಟ್ ಸಮೇತ ಗ್ಲಾಸಿಗೆ ಸುರಿಯೋದೇ ಪದ್ಧತಿ. ಆಸ್ಟ್ರೇಲಿಯಾದಲ್ಲಿ ಕೂಪರ್ಸ್ ಪೇಲ್ ಏಲ್ ಕುಡಿಯುವವರು ತೆಗೆಯೋ ಮುಂಚೆ ಬಾಟಲಿಯನ್ನು ಉರುಳಿಸ್ತಾರೆ. ಎಲ್ಲ ಗ್ಲಾಸೂ ಒಂದೇ ಥರ ಮಂಕಾದರೆ ಯಾರಿಗೂ ಬೇಜಾರಿಲ್ಲ. ಮಂಕಾಗಿದ್ದಕ್ಕಿಂತ ನನ್ನನ್ನು ಆವತ್ತು ಚುಚ್ಚಿದ್ದು ಪಂಕ್ತಿಭೇದ.

ರಾಗಿ ಹಾಲುಬಾಯಿ ಮಾಡುವಾಗ ಅವ್ವ ನೆನೆಸಿದ ರಾಗಿ ರುಬ್ಬಿ, ಬಟ್ಟೇಲಿ ಸೋಸಿ, ಆ ಹಾಲನ್ನು ಅಲ್ಲಾಡಿಸದೆ ಇಡ್ತಿದ್ಲು. ತಳದಲ್ಲಿ ಕೂತದ್ದೇ ಬೇಕಾದದ್ದು, ಮೇಲಿನ ತಿಳಿ ಚೆಲ್ಲೋಕೆ. ಬಿಯರಿಗೆ ಪೂರಾ ಉಲ್ಟಾ. ಆದರೆ ಬಗ್ಗಿಸೋ ರೀತಿ ಅದೇ: ಒಂದೇ ಸಲ ಓರೆ ಮಾಡಬೇಕು, ಮುಗಿಯೋವರೆಗೂ ಪಾತ್ರೆ ನೆಟ್ಟಗೆ ಮಾಡೋ ಹಾಗಿಲ್ಲ. ನಡುವೆ ಮಾತಾಡಿಸಿದ್ರೆ ಬೈತಿದ್ಲು.

ಮುಂದಿನ ಸಲ ಸ್ಟೀಲ್ ಜಗ್ ತಂದೆ. ಎರಡು ದಿನ ಫ್ರಿಜ್ಜಿನಲ್ಲಿ ನಿಂತ ಬಾಟಲಿಯನ್ನು ಒಂದೇ ಓರೆಯಲ್ಲಿ ಜಗ್ಗಿಗೆ ಬಗ್ಗಿಸಿ, ತಳದ ಒಂದು ಬೆರಳು ಬಿಟ್ಟು, ಅಲ್ಲಿಂದ ಗ್ಲಾಸುಗಳಿಗೆ ಹಂಚಿದೆ. ನೊರೆ ಸ್ವಲ್ಪ ಕಮ್ಮಿಯಾಯ್ತು, ಗ್ಯಾಸೂ ಒಂಚೂರು ಹೋಯ್ತು. ಮೂರನೇ ಗ್ಲಾಸಿನವನು ಜಗ್ ನೋಡಿ, "ಏನೋ ಇದು, ಮಜ್ಜಿಗೇನಾ?" ಅಂದ. ನಾಲ್ಕೂ ಗ್ಲಾಸು ಒಂದೇ ಬಣ್ಣ ಇತ್ತು.