ಟೇಬಲ್ ತನ್ನ ಕಾಲಂಗಳನ್ನು ತಾನೇ ಹೇಳಲಿ

ಯಾವ ಡೇಟಾಬೇಸ್ ನಿಜವಾಗಿಯೂ ರಿಲೇಷನಲ್ ಎಂದು ಒರೆಹಚ್ಚಿ ನೋಡಲು ಎಡ್ಗರ್ ಕಾಡ್ 1985ರಲ್ಲಿ ಕೆಲವು ನಿಯಮಗಳನ್ನು ಮುಂದಿಟ್ಟರು. ನನಗೆ ಅವುಗಳಲ್ಲಿ ನಾಲ್ಕನೆಯದರ ಮೇಲೆ ವಿಶೇಷ ಗೌರವ. ಡೇಟಾಬೇಸಿನ ವಿವರಣೆಯೂ ಡೇಟಾದ ಹಾಗೆಯೇ ಟೇಬಲ್‌ಗಳಲ್ಲಿ ಇರಬೇಕು, ಅದನ್ನೂ ಅದೇ ಭಾಷೆಯಲ್ಲಿ ಕೇಳುವಂತಿರಬೇಕು ಎನ್ನುತ್ತದೆ ಅದು. ವಿದ್ಯಾರ್ಥಿಗಳ ಅಂಕ ತೆಗೆಯಲು ಬರೆಯುವ 'ಸೆಲೆಕ್ಟ್' ಕ್ವೆರಿಯಿಂದಲೇ ಆ ಟೇಬಲ್‌ನಲ್ಲಿ ಯಾವ ಕಾಲಂಗಳಿವೆ ಎಂಬುದೂ ತಿಳಿಯಬೇಕು.

ಎಸ್‌ಕ್ಯೂಎಲ್‌ನ 1992ರ ಮಾನದಂಡ ಇದಕ್ಕೆಂದೇ 'ಇನ್ಫರ್ಮೇಷನ್ ಸ್ಕೀಮಾ' ಕೊಟ್ಟಿತು. ಅದರ 'ಕಾಲಮ್ಸ್' ವ್ಯೂನಲ್ಲಿ ಕಾಲಂನ ಹೆಸರು, ಡೇಟಾದ ಬಗೆ, ಖಾಲಿ ಬಿಡಬಹುದೇ, ಎಷ್ಟನೆಯ ಸ್ಥಾನ ಎಲ್ಲವೂ ಸಿಗುತ್ತವೆ. ಆದರೆ ತಯಾರಕರು ಒಂದೇ ದಾರಿಯಲ್ಲಿ ನಡೆಯಲಿಲ್ಲ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಇದನ್ನು ಒಪ್ಪಿಕೊಂಡಿವೆ. ಒರಾಕಲ್‌ಗೆ ತನ್ನದೇ ಡಿಕ್ಷನರಿ ವ್ಯೂಗಳು, ಎಸ್‌ಕ್ಯೂಲೈಟ್‌ಗೆ 'ಪ್ರಾಗ್ಮಾ'. ಒಂದೇ ಪ್ರಶ್ನೆಯನ್ನು ಇಷ್ಟು ಬಗೆಯಲ್ಲಿ ಕೇಳಬೇಕಾಗಿರುವುದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

'ಡಿಸ್ಕ್ರೈಬ್'ನಂಥ ಕಿರು ಆದೇಶಗಳು ಕೈಯಲ್ಲಿ ಟೈಪ್ ಮಾಡಿ ನೋಡುವವರಿಗೆ ಅನುಕೂಲ. ಒರಾಕಲ್‌ನಲ್ಲಿ ಅದು ಎಸ್‌ಕ್ಯೂಎಲ್ ಪ್ಲಸ್ ಎಂಬ ಕ್ಲೈಂಟ್‌ನ ಆದೇಶ, ಸರ್ವರ್‌ನದಲ್ಲ. ಪ್ರೋಗ್ರಾಂ ಒಳಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಇನ್ಫರ್ಮೇಷನ್ ಸ್ಕೀಮಾ ಬಳಸುವಾಗಲೂ ಎಚ್ಚರ ಬೇಕು. ಒಂದೂ ಸಾಲು ಬರದಿದ್ದರೆ ಟೇಬಲ್ ಇಲ್ಲವೆಂದು ತೀರ್ಮಾನಿಸಬಾರದು. ನಮಗೆ ಅನುಮತಿ ಇರುವ ಕಾಲಂಗಳನ್ನು ಮಾತ್ರ ಅದು ತೋರಿಸುತ್ತದೆ. ಹೆಸರಿನ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವೂ ಕಾಡುತ್ತದೆ: ಉದ್ಧರಣ ಚಿಹ್ನೆಯಿಲ್ಲದೆ ಕೊಟ್ಟ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ ಇಳಿಸಿ ಇಟ್ಟುಕೊಳ್ಳುತ್ತದೆ, ಒರಾಕಲ್ ದೊಡ್ಡಕ್ಷರಕ್ಕೆ ಏರಿಸುತ್ತದೆ. ಸ್ಕೀಮಾದ ಹೆಸರು ಬಿಟ್ಟರಂತೂ ಇನ್ನೂ ಅಪಾಯ. ಎರಡು ಸ್ಕೀಮಾಗಳಲ್ಲಿರುವ ಒಂದೇ ಹೆಸರಿನ ಟೇಬಲ್‌ಗಳ ಕಾಲಂಗಳು ಒಂದೇ ಪಟ್ಟಿಯಲ್ಲಿ ಬೆರೆತುಬಿಡುತ್ತವೆ. ಸ್ಥಾನದ ಪ್ರಕಾರ ಜೋಡಿಸೆಂದು ಹೇಳದಿದ್ದರೆ ಕ್ರಮಕ್ಕೆ ಖಾತರಿಯಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸಿದ ಕಾಲಂನ ಸ್ಥಾನಸಂಖ್ಯೆ ಮತ್ತೆ ಬಳಕೆಗೆ ಬರುವುದಿಲ್ಲ, ಹಾಗಾಗಿ ಎರಡರ ನಂತರ ನಾಲ್ಕು ಬರಬಹುದು. ಕೊನೆಯ ಸಂಖ್ಯೆಯನ್ನೇ ಕಾಲಂಗಳ ಒಟ್ಟು ಲೆಕ್ಕವೆಂದು ಹಿಡಿಯುವ ಪ್ರೋಗ್ರಾಂ ಅಲ್ಲಿ ತಪ್ಪುತ್ತದೆ.

ಇಷ್ಟಾದರೂ ಪ್ರೋಗ್ರಾಂ ಬರೆಯುವವರಿಗೆ ನನ್ನ ಶಿಫಾರಸು ಇನ್ಫರ್ಮೇಷನ್ ಸ್ಕೀಮಾವೇ. ಅದು ಹೇಳದಿರುವುದು ಕಾಲಂನ ಅರ್ಥ. 'ಸ್ಟೇಟಸ್' ಎಂಬ ಹೆಸರೂ 'ಇಂಟಿಜರ್' ಎಂಬ ಬಗೆಯೂ ಸಿಕ್ಕಿದರೆ, ಅದರಲ್ಲಿರುವ 3 ಏನೆಂದು ತಿಳಿಯುವುದು ಹೇಗೆ? ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಒರಾಕಲ್ ಮೂರರಲ್ಲೂ ಕಾಲಂಗೆ ಕಾಮೆಂಟ್ ಬರೆದಿಡಬಹುದು, ಕನ್ನಡದಲ್ಲೂ ಬರೆಯಬಹುದು. ಟೇಬಲ್ ಕಟ್ಟುವವರು ದಯವಿಟ್ಟು ಆ ಒಂದು ಸಾಲು ಬರೆಯಿರಿ.