‘ಮಾಡಿ ಮಡಿದವರು’, ‘ಅಳಿದ ಮೇಲೆ’: ಎರಡು ಹೆಸರುಗಳ ವಿಚಾರ

ಮರಣವನ್ನು ಹೇಳುವ ನಮ್ಮ ಮಾತುಗಳಲ್ಲಿ ಮತವಿಶ್ವಾಸವನ್ನು ಗರ್ಭೀಕರಿಸಿಕೊಂಡವು ಹಲವುಂಟು. ಸ್ವರ್ಗಸ್ಥನಾದನು, ಲಿಂಗೈಕ್ಯನಾದನು, ದೈವಾಧೀನನಾದನು ಎಂದಾಗ, ಸತ್ತವನು ಒಂದು ನೆಲೆಯನ್ನು ಸೇರಿದನೆಂಬ ನಂಬುಗೆಯನ್ನೂ ನುಡಿದಂತಾಗುತ್ತದೆ. ಆ ನಂಬುಗೆಯಿಲ್ಲದವನಿಗೆ ಸಾವು ಅರ್ಥಶೂನ್ಯವೆ? ಈ ಪ್ರಶ್ನೆಗೆ ಕನ್ನಡದ ಎರಡು ಕಾದಂಬರಿಗಳ ಹೆಸರುಗಳೇ ಉತ್ತರವನ್ನು ಸೂಚಿಸುತ್ತವೆ. ಆ ಹೆಸರುಗಳ ಭಾವವನ್ನು ಪರಿಶೀಲಿಸುವುದಷ್ಟೇ ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ಬಸವರಾಜ ಕಟ್ಟೀಮನಿಯವರ (1919–1989) ‘ಮಾಡಿ ಮಡಿದವರು’. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಕಟ್ಟೀಮನಿಯವರು ಪ್ರಗತಿಶೀಲ ಪಂಥದ ಅಗ್ರಗಣ್ಯರಲ್ಲೊಬ್ಬರು. ‘ಜರತಾರಿ ಜಗದ್ಗುರು’ವಿನಲ್ಲಿ ಮಠಾಧಿಪತ್ಯದ ಡಾಂಭಿಕತೆಯನ್ನು ಬಯಲಿಗೆಳೆದವರು. ‘ಮಾಡಿ ಮಡಿದವರು’ ಕೃತಿಯ ವಸ್ತು 1942ರ ಚಳವಳಿ. ಆ ವರ್ಷದ ಆಗಸ್ಟ್ 8ರಂದು ಮುಂಬಯಿಯಲ್ಲಿ ಗಾಂಧೀಜಿಯವರು ಕೊಟ್ಟ ಕರೆಯು ಕನ್ನಡದಲ್ಲಿ ‘ಮಾಡು ಇಲ್ಲವೆ ಮಡಿ’ ಎಂದು ಪ್ರಸಿದ್ಧವಾಯಿತು. ಕರೆಯಲ್ಲಿದ್ದ ‘ಇಲ್ಲವೆ’ಯು ಈ ಹೆಸರಿನಲ್ಲಿ ಇಲ್ಲ. ಅದರೊಡನೆ ವಿಕಲ್ಪವೂ ಹೋಯಿತು. ‘ಮಾಡಿ’ ಎಂಬ ಕೃದಂತಾವ್ಯಯದಿಂದ ಕೃತಿ ಮೊದಲು, ಮೃತಿ ಬಳಿಕ ಎಂಬ ಕ್ರಮವೊಂದು ನಿಂತಿತು. ಸಾವಿಗೆ ಅರ್ಥವು ಮುಂದಿನ ಲೋಕದಿಂದ ಬರುವುದಲ್ಲ, ಹಿಂದಣ ಕೃತಿಯಿಂದ ಬರುವುದು ಎಂಬುದೇ ಈ ಕ್ರಮದ ತಾತ್ಪರ್ಯ.

ಇದನ್ನು ನಮ್ಮ ವೀರಗಲ್ಲುಗಳೊಡನೆ ಹೋಲಿಸಿ ನೋಡಬಹುದು. ಅವುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕಟ್ಟೀಮನಿಯವರ ಹೆಸರಿನಲ್ಲಿ ಉಳಿದಿರುವುದು ಕೆಳಗಿನ ಪಟ್ಟಿಕೆಯೊಂದೇ. ದೇಶಭಕ್ತಿಯೂ ಒಂದು ಮತವೇ ಅಲ್ಲವೆ, ದೇವರ ಪೀಠದಲ್ಲಿ ನಾಡನ್ನು ಕೂರಿಸಿದಂತಾಗಲಿಲ್ಲವೆ ಎಂದು ಕೇಳಬಹುದು. ಆಕ್ಷೇಪವು ನಿರಾಧಾರವಲ್ಲ. ರೂಢಿಯಲ್ಲಿರುವ ‘ಹುತಾತ್ಮ’ ಶಬ್ದದಲ್ಲಿ ಯಜ್ಞದ ಹೊಗೆ ಇನ್ನೂ ಆಡುತ್ತಿದೆ. ಆದರೆ ಗ್ರಂಥಕರ್ತರು ಹೆಸರಿಗೆ ಆ ಶಬ್ದವನ್ನು ಆರಿಸಿಕೊಳ್ಳದೆ, ಆಹುತಿಯ ಸೋಂಕಿಲ್ಲದ ಎರಡು ಅಚ್ಚಗನ್ನಡ ಧಾತುಗಳನ್ನು ಆರಿಸಿಕೊಂಡರೆಂಬುದು ಗಮನಾರ್ಹ.

ಆದರೂ ಈ ಉತ್ತರ ಪೂರ್ಣವಲ್ಲ. ಮಾಡುವುದಕ್ಕೆ ಅವಕಾಶವೇ ಇಲ್ಲದೆ ಮಡಿದವರ ಗತಿಯೇನು? ತೊಟ್ಟಿಲಲ್ಲಿ ತೀರಿದ ಕೂಸಿಗೂ, ಹೆಸರಿಸುವಂಥ ಕಾರ್ಯವಿಲ್ಲದೆ ಸವೆದ ಮುದುಕಿಗೂ ಈ ಅಳತೆಗೋಲು ನಿಷ್ಠುರವಾದುದು. ಕೃತಿಯಿಂದಲೇ ಸಾವಿಗೆ ಬೆಲೆ ಎಂದರೆ ಬಹುಜನರ ಸಾವು ಬೆಲೆಯಿಲ್ಲದ್ದಾಗುತ್ತದೆ.

ಈ ಕೊರತೆಯನ್ನು ತುಂಬುವುದು ಶಿವರಾಮ ಕಾರಂತರ ‘ಅಳಿದ ಮೇಲೆ’ (1960). ಮುಂಬಯಿಯಲ್ಲಿ ತೀರಿಕೊಂಡ ಯಶವಂತರಾಯರು ಬಿಟ್ಟುಹೋದ ಹಣವೂ ಬರಹಗಳೂ ನಿರೂಪಕರ ಕೈಸೇರುತ್ತವೆ. ಸಂಬಂಧಪಟ್ಟವರನ್ನು ಹುಡುಕುತ್ತ ಅವರು ಹೊರಡುತ್ತಾರೆ. ಒಬ್ಬೊಬ್ಬರ ನೆನಪಿನಲ್ಲಿ ಮೃತನ ರೂಪ ಒಂದೊಂದು. ಇಲ್ಲಿ ವೀರಕಾರ್ಯವಿಲ್ಲ, ಪಡೆದ ಋಣ, ತೀರಿಸಿದ ಋಣ ಇಷ್ಟೇ ಇರುವುದು. ‘ಅಳಿದ ಮೇಲೆ’ ಎಂಬುದು ಮುಗಿಯದ ವಾಕ್ಯ. ಅಳಿದ ಮೇಲೆ ಏನು? ಸಂಪ್ರದಾಯವು ಇಲ್ಲಿ ಆತ್ಮದ ಪಯಣವನ್ನು ಹೇಳುತ್ತಿತ್ತು. ಕಾರಂತರು ಉಳಿದವರ ಪಯಣವನ್ನು ಹೇಳಿದರು. ಆ ವಾಕ್ಯದ ಕ್ರಿಯಾಪದವನ್ನು ಪೂರೈಸತಕ್ಕವರು ಬದುಕಿರುವವರು. ಕೂಸಿಗೂ ಮುದುಕಿಗೂ ಇಲ್ಲಿ ಎಡೆಯುಂಟು. ಏಕೆಂದರೆ ಅವರಿಗೆ ಋಣಿಯಾದವರು ಯಾರಾದರೂ ಉಳಿದಿರುತ್ತಾರೆ.

ಎರಡು ಹೆಸರುಗಳನ್ನೂ ಕೂಡಿಸಿ ಓದಿದರೆ ಮೃತ್ಯುವಿನ ಹಿಂದೆ ಕೃತಿ, ಮುಂದೆ ಸ್ಮೃತಿ. ನಡುವೆ ಯಾವ ಲೋಕವೂ ಬೇಕಾಗಲಿಲ್ಲ. ಅಗಲಿದವರನ್ನು ಮತ್ತೆ ಕಾಣುವೆವೆಂಬ ಭರವಸೆಯನ್ನು ಮಾತ್ರ ಇವೆರಡೂ ಕೊಡಲಾರವು. ಆ ನಷ್ಟ ಸಣ್ಣದಲ್ಲ. ಅದನ್ನು ಸವಿಮಾತಿನಿಂದ ಮುಚ್ಚುವುದು ಸಾಹಿತ್ಯದ ಧರ್ಮವೂ ಅಲ್ಲ. ಈ ಕೃತಿಗಳನ್ನು ಪಾಠ ಹೇಳುವ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಲಾಭವನ್ನು ತೋರಿಸುವಂತೆಯೇ ಈ ನಷ್ಟವನ್ನೂ ತೋರಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.